ಮಾತ್ರೆ ಡಾಕ್ಟರು ಕೊಡುತ್ತಾರೆ, ಕೆಲಸ ನೀವು ಕೊಡಿ

ಕೇಳುಗರಿಗೆಲ್ಲ ನಮಸ್ಕಾರ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವವರು, ಅಂಗಡಿಯ ಗಲ್ಲಾದ ಪಕ್ಕ ರೇಡಿಯೊ ಇಟ್ಟುಕೊಂಡವರು, ತೋಟದ ಮನೆಯಲ್ಲಿ ಕೂತವರು, ಎಲ್ಲರೂ ಸ್ವಲ್ಪ ಹೊತ್ತು ಕಿವಿ ಕೊಡಿ. ನಾನು ಡಾಕ್ಟರಲ್ಲ, ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಡಾಕ್ಟರು ಚೀಟಿ ಬರೆದುಕೊಟ್ಟ ಮೇಲೆ ಆ ಮನೆಯ ಬಾಗಿಲು ತಟ್ಟುವವಳು. ಇವತ್ತು ನಾನು ಹೇಳಬೇಕಾದ್ದು ಒಂದೇ ಮಾತು. ಮಾತ್ರೆ ಡಾಕ್ಟರು ಕೊಡುತ್ತಾರೆ, ಕೆಲಸ ನೀವು ಕೊಡಿ.

ಸ್ಕಿಜೋಫ್ರೇನಿಯಾ ಅನ್ನುವ ಕಾಯಿಲೆಯನ್ನೇ ತಗೊಳ್ಳಿ. ಹತ್ತಿರ ಯಾರೂ ಇಲ್ಲದಿದ್ದರೂ ದನಿ ಕೇಳಿಸುತ್ತದೆ. ಪಕ್ಕದ ಮನೆಯವರು ತನಗೆ ಏನೋ ಮಾಡಿಸಿದ್ದಾರೆ ಅಂತ ಅನುಮಾನ. ಇವಕ್ಕೆ ಒಳ್ಳೆಯ ಮಾತ್ರೆಗಳಿವೆ, ದನಿಯೂ ಅನುಮಾನವೂ ಇಳಿಯುತ್ತವೆ. ಆದರೆ ಇದೇ ಕಾಯಿಲೆಯಲ್ಲಿ ಇನ್ನೊಂದು ಕಷ್ಟ ಇದೆ. ಸ್ನಾನ ಬೇಡ, ಮಾತು ಬೇಡ, ಏಳುವುದೇ ಬೇಡ. ಮಾತ್ರೆಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಮನೆಯವರು ಅದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ. 'ಉಂಡು ಮಲಗೋದೇ ಆಯ್ತು' ಅಂತ ದಿನವಿಡೀ ಬೈಗುಳ. ಬೈಗುಳ ಜಾಸ್ತಿಯಾದ ಮನೆಯಲ್ಲಿ ಕಾಯಿಲೆ ಮರುಕಳಿಸುವುದೂ ಜಾಸ್ತಿ. ಅವರಿಗೆ ಬೇಕಾದ್ದು ಬೆಳಗಾದರೆ ಎದ್ದು ಹೋಗಲು ಒಂದು ಜಾಗ, ಅಲ್ಲೊಂದು ಕೆಲಸ.

ನಮ್ಮ ಶಿವಮೊಗ್ಗದ್ದೇ ಒಂದು ವಿಷಯ ಹೇಳುತ್ತೇನೆ. ಹೆಸರು ಬೇಡ, ಬಡಾವಣೆಯೂ ಬೇಡ. ಒಬ್ಬ ಹೆಣ್ಣುಮಗಳು. ಕಾಯಿಲೆ ಕಾಣಿಸಿಕೊಂಡ ಮೇಲೆ ಗಂಡನ ಮನೆಯವರು ತವರಿಗೆ ತಂದು ಬಿಟ್ಟರು. ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸಿದ್ದಾಯಿತು, ಚೌಡಿಗೆ ಹರಕೆ ಹೊತ್ತಿದ್ದಾಯಿತು. ಹರಕೆ ಹೊರಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ಅದರ ಜೊತೆಗೆ ಆಸ್ಪತ್ರೆಗೂ ಬನ್ನಿ ಅನ್ನುತ್ತೇನೆ, ಅಷ್ಟೆ. ಕೊನೆಗೆ ಬಂದರು. ಮಾತ್ರೆ ಹಿಡಿಯಿತು, ದನಿಗಳು ಹೆಚ್ಚುಕಡಿಮೆ ನಿಂತವು. ಆದರೆ ಆಕೆ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತವಳು ಕೂತೇ ಇದ್ದಳು. 'ಬೇರೆ ಮಾತ್ರೆ ಬರೆಸಿಕೊಡಿ ಮೇಡಂ' ಅಂತ ತಾಯಿ ನನ್ನ ಬೆನ್ನು ಬಿದ್ದರು. ನಾನು ಕೇಳಿದೆ, 'ಎದುರುಮನೆ ಜಗಲಿಯಲ್ಲಿ ಅಡಿಕೆ ಆರಿಸ್ತಾ ಇದ್ದಾರಲ್ಲ, ಅವರು ಯಾರು?'

ಆ ಎದುರುಮನೆಯಾಕೆ ಮಂಡಿಯಿಂದ ಚೀಲ ತರಿಸಿ, ನಾಲ್ಕು ಹೆಂಗಸರನ್ನು ಕೂರಿಸಿಕೊಂಡು ಅಡಿಕೆ ವಿಂಗಡಿಸಿ ಕೊಡುತ್ತಿದ್ದರು. ಇವಳನ್ನೂ ಕೂರಿಸಿಕೊಳ್ಳಿ ಅಂದೆ. 'ಅಯ್ಯೋ, ಕತ್ತಿ ಗಿತ್ತಿ ಎತ್ತಿಬಿಟ್ರೆ?' ಅಂದರು. 'ಅಮ್ಮಾ, ಅಡಿಕೆ ಸುಲಿಯೋಕೆ ಕತ್ತಿ ಬೇಕು. ಆರಿಸೋಕೆ ಯಾವ ಕತ್ತಿ?' ಅಂದೆ. ಅವರಿಗೇ ನಗು ಬಂತು. ಸರಿ, ಕಳಿಸಿ ಅಂದರು.

ರಾತ್ರಿಯ ಮಾತ್ರೆಯಿಂದ ಬೆಳಗ್ಗೆ ತಲೆ ಭಾರ ಇರುತ್ತದೆ. ಹಾಗಾಗಿ ಎಲ್ಲರೂ ಒಂಬತ್ತಕ್ಕೆ ಬಂದರೆ ಇವಳು ಹನ್ನೊಂದಕ್ಕೆ. ಮೊದಮೊದಲು ಸುಮ್ನೆ ಕೂರುತ್ತಿದ್ದಳು. ಆಮೇಲೆ ಕೈ ಹಾಕಿದಳು. ಬೆರಳು ನಡುಗುತ್ತಿದ್ದವು. ಅದೂ ಮಾತ್ರೆಯದ್ದೇ ತೊಂದರೆ, ಡಾಕ್ಟರಿಗೆ ಹೇಳಿದ ಮೇಲೆ ಪ್ರಮಾಣ ಇಳಿಸಿದರು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯಲ್ಲಿ ಬೇರೆಬೇರೆ ದರ್ಜೆ, ಇವಳು ಎಲ್ಲ ಕಲಸಿ ಹಾಕುತ್ತಿದ್ದಳು. ಸರಕಿನ ಬೆಲೆ ಎಷ್ಟು, ಗೊರಬಲಿನ ಬೆಲೆ ಎಷ್ಟು ಅಂತ ಅಡಿಕೆಯವರಿಗೆ ಹೇಳಬೇಕೇ? ಆದರೂ ಎದುರುಮನೆಯಾಕೆ ಬೈಯಲಿಲ್ಲ. ಸಂಜೆ ಇವಳು ಮನೆಗೆ ಹೋದ ಮೇಲೆ ಇನ್ನೊಂದು ಸಲ ಆರಿಸಿಕೊಳ್ಳುತ್ತಿದ್ದರು. ಹೀಗೇ ನಡೆಯುತ್ತಿರುವಾಗ ಒಂದು ಮಧ್ಯಾಹ್ನ ಇವಳೇ ಪಕ್ಕದವಳ ಬುಟ್ಟಿಯಿಂದ ಒಂದು ಹೋಳು ಎತ್ತಿ, 'ಅಕ್ಕಾ, ಇದು ಸರಕಲ್ಲ, ಬೆಟ್ಟೆ' ಅಂದಳಂತೆ. ಯಾರೂ ಕೇಳದೆ ಇವಳಾಗಿಯೇ ಆಡಿದ ಮಾತು! ಎದುರುಮನೆಯಾಕೆ ನನಗೆ ಫೋನ್ ಮಾಡಿ ಹೇಳಿದರು.

ಕೂಲಿ ಕಿಲೋ ಲೆಕ್ಕ, ಎಲ್ಲರಿಗೂ ಒಂದೇ ದರ. ಪಾಪ ಅಂತ ಕೊಟ್ಟ ದುಡ್ಡಲ್ಲ. ಆ ದುಡ್ಡಲ್ಲಿ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಅಮ್ಮನಿಗೆ ಬಳೆ ಇಡಿಸಿದಳು. ಕಾಯಿಲೆ ಪೂರ್ತಿ ಹೋಯಿತಾ? ಇಲ್ಲ. ಮಾತ್ರೆ ಈಗಲೂ ತಗೊಳ್ಳುತ್ತಾಳೆ. ಒಂದೊಂದು ದಿನ ದನಿ ಮತ್ತೆ ಕೇಳಿಸಿದರೆ, ಇವತ್ತು ಬರಲ್ಲ ಅಂತ ಹೇಳಿ ಕಳಿಸುತ್ತಾಳೆ. ಬಿಪಿ, ಶುಗರ್ ಇರುವವರೂ ರಜೆ ಹಾಕುತ್ತಾರೆ, ಅಲ್ವಾ?

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಊರಲ್ಲೇ ಚಿಕಿತ್ಸೆ ಅನ್ನುವುದು ಹೊಸದೇನಲ್ಲ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲೂ 2005ರಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ, ಅಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಗಮನಿಸಿದರು. ಚಿಕಿತ್ಸೆ ಪಡೆದವರು ಮನೆಗೆಲಸ, ತೋಟದ ಕೆಲಸಕ್ಕೆ ಮರಳುವುದು ಸುಲಭವಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ, ಇವರಿಗೆ ಎಲ್ಲರ ನಡುವೆ ಬದುಕುವ ಹಕ್ಕಿದೆ ಅಂತಲೇ ಬರೆದಿದೆ. ಹಕ್ಕು ಕಾಗದದಲ್ಲಿದೆ. ಜಗಲಿಯಲ್ಲಿ ಜಾಗ ಕೊಡಬೇಕಾದವರು ನೀವು.

ಇನ್ನೊಂದು. ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುವ ಹಿರಿಯರಿಗೆ ಕೈಮುಗಿದು ಕೇಳುತ್ತೇನೆ, ದಯವಿಟ್ಟು ಆ ಸಲಹೆ ನಿಲ್ಲಿಸಿ. ಎಷ್ಟು ಸಲ ಹೇಳುವುದು! ಅವನಿಗೆ ಹೆಣ್ಣು ಹುಡುಕುವ ಮೊದಲು ಅರ್ಧ ದಿನದ ಕೆಲಸ ಹುಡುಕಿ. ಹಾಗೆಯೇ, ಕೆಲಸ ಸಿಕ್ಕಿತು, ಹುಷಾರಾದ ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಅದನ್ನು ಡಾಕ್ಟರು ಹೇಳಲಿ.

ಶಿವಮೊಗ್ಗದವರಿಗೆ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ಕಡೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ರಾತ್ರಿ ಎರಡು ಗಂಟೆಗೆ ಸಂಕಟವಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ ಬರೆದುಕೊಳ್ಳಿ, ಒಂದು ನಾಲ್ಕು ನಾಲ್ಕು ಒಂದು ಆರು. ಇನ್ನೊಮ್ಮೆ, 14416.

ಮಂಡಿ, ಹೋಟೆಲ್, ಹೂವಿನ ಅಂಗಡಿ, ಟೈಲರಿಂಗ್ ಅಂಗಡಿ ನಡೆಸುವವರೇ, ಅರ್ಧ ದಿನದ ಕೆಲಸ ಇದ್ದರೆ ಅದೇ ಆಶಾ ಕಾರ್ಯಕರ್ತೆಯ ಕಿವಿಗೆ ಹಾಕಿಡಿ. ಹನ್ನೊಂದು ಗಂಟೆಗೆ ಬಂದರೂ ನಡೆಯುತ್ತೆ ಅನ್ನುವುದನ್ನು ಸೇರಿಸಿ ಹೇಳಿ. ಕೂಲಿ ಮಾತ್ರ ಎಲ್ಲರಷ್ಟೇ ಕೊಡಿ. ನಮಸ್ಕಾರ.