ಹೊಳೆಯದ ಸೂರ್ಯ

ಕೇಳುಗರಿಗೆ ನಮಸ್ಕಾರ. ಕಣ್ಣಿಗೆ ಕಾಣದ ರೇಡಿಯೋದಲ್ಲಿ ಚಿತ್ರಕಲೆ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಇರಲಿ. ಇವತ್ತು ಒಂದೇ ಚಿತ್ರ, ಅದರಲ್ಲೂ ಬರೀ ಸೂರ್ಯ.

ಫ್ರಾನ್ಸಿನ ಲ ಹಾವ್ರ್ ಬಂದರು, 1872. ಕ್ಲಾಡ್ ಮೊನೆ ಹೋಟೆಲಿನ ಕಿಟಕಿಯಿಂದ ಕಂಡ ಬೆಳಗನ್ನು ಬರೆದ. ಬೂದು ನೀಲಿ ಮಂಜು. ಹಿಂದೆ ಹಡಗಿನ ಕಂಬಗಳು ಮಸುಕು ಮಸುಕು. ಮುಂದೆ ಕಪ್ಪು ನೆರಳಿನಂಥ ಪುಟ್ಟ ದೋಣಿ. ಮೇಲೆ ಕಿತ್ತಳೆ ಬಣ್ಣದ ಬಿಲ್ಲೆಯ ಹಾಗೆ ಸೂರ್ಯ, ಕೆಳಗೆ ನೀರಿನಲ್ಲಿ ಅದೇ ಬಣ್ಣದ ಒಂದಷ್ಟು ಅಡ್ಡ ಗೀಟು. ಹೆಸರು 'ಇಂಪ್ರೆಷನ್, ಸೂರ್ಯೋದಯ'. 1874ರಲ್ಲಿ ಇದನ್ನು ನೋಡಿ ಒಬ್ಬ ವಿಮರ್ಶಕ ಗೇಲಿ ಮಾಡಿದ, ಆ ಗೇಲಿಯೇ ಈ ಬಗೆಯ ಚಿತ್ರಕಲೆಗೆ ಇಂಪ್ರೆಷನಿಸಂ ಅಂತ ಹೆಸರಾಯಿತು. ಅದು ಎಲ್ಲರಿಗೂ ಗೊತ್ತು, ಬಿಡಿ. ನಾನು ಹೇಳಬೇಕಾದ್ದು ಬೇರೆ: ಆ ಸೂರ್ಯ ಆಕಾಶಕ್ಕಿಂತ ಹೆಚ್ಚು ಹೊಳೆಯೋದಿಲ್ಲ!

ನನಗಿದು ಗೊತ್ತಾಗಿದ್ದು ಜೆರಾಕ್ಸ್ ಅಂಗಡಿಯಲ್ಲಿ. ಪಾಠಕ್ಕೆ ಅಂತ ಈ ಚಿತ್ರದ ನಲವತ್ತು ಪ್ರಿಂಟ್ ಬೇಕಿತ್ತು. ಕಲರ್ ದುಬಾರಿ, ಕಪ್ಪು ಬಿಳುಪೇ ಸಾಕು ಅಂದೆ. ಬಂತು ನೋಡಿ, ದೋಣಿ ಇದೆ, ಕಂಬ ಇದೆ, ಸೂರ್ಯನೇ ಇಲ್ಲ. 'ಏನಪ್ಪಾ, ಇಂಕ್ ಮುಗಿದಿದೆಯಾ?' ಅಂತ ರೇಗಿದೆ. ಹುಡುಗ ಇನ್ನೊಂದು ತೆಗೆದ. ಅದರಲ್ಲೂ ಇಲ್ಲ. ಕೊನೆಗೆ ಅವನು ಸಮಾಧಾನವಾಗಿ ಕೇಳಿದ, 'ಸಾರ್, ಮಷೀನಿಗೆ ಸೂರ್ಯನ ಮೇಲೆ ಮಾತ್ರ ಸಿಟ್ಟಾ?' ನನ್ನ ಹತ್ತಿರ ಉತ್ತರ ಇರಲಿಲ್ಲ. ನಲವತ್ತಕ್ಕೂ ದುಡ್ಡು ಕೊಟ್ಟು ಬಂದೆ.

ಉತ್ತರ ಆಮೇಲೆ ಸಿಕ್ಕಿತು, ಹಾರ್ವರ್ಡ್‌ನ ವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಅವರ ಬರಹದಲ್ಲಿ. ನಮ್ಮ ಮಿದುಳು ಬಣ್ಣವನ್ನು ಒಂದು ಕಡೆ, ಹೊಳಪನ್ನು ಇನ್ನೊಂದು ಕಡೆ ನೋಡುತ್ತದಂತೆ. ಮೊನೆಯ ಸೂರ್ಯನಿಗೂ ಸುತ್ತಲಿನ ಮೋಡಕ್ಕೂ ಹೊಳಪು ಹೆಚ್ಚುಕಮ್ಮಿ ಒಂದೇ. ಕಪ್ಪು ಬಿಳುಪಿನಲ್ಲಿ ಉಳಿಯೋದು ಹೊಳಪು ಮಾತ್ರ, ಅದಕ್ಕೇ ಜೆರಾಕ್ಸಿನಲ್ಲಿ ಸೂರ್ಯ ಮಾಯ. ಬಣ್ಣ ನೋಡುವ ಭಾಗ 'ಅಗೋ ಸೂರ್ಯ' ಅನ್ನುತ್ತದೆ, ಹೊಳಪು ನೋಡುವ ಭಾಗ 'ಎಲ್ಲಿ?' ಅನ್ನುತ್ತದೆ. ಈ ಜಗಳಕ್ಕೇ ಅದು ಮಿಡಿದ ಹಾಗೆ ಕಾಣೋದು. ಸುಮ್ನೆ ಬಿಳಿ ಬಳಿದಿದ್ದರೆ ಇದು ಆಗುತ್ತಿರಲಿಲ್ಲ, ಅಲ್ವಾ? ಮತ್ತೆ ಹೇಳ್ತೀನಿ, ಆಕಾಶಕ್ಕಿಂತ ಹೆಚ್ಚು ಹೊಳೆಯೋದಿಲ್ಲ!

1985ರಲ್ಲಿ ಈ ಚಿತ್ರ ಪ್ಯಾರಿಸ್ಸಿನ ಮ್ಯೂಸಿಯಂನಿಂದ ಕಳುವಾಗಿ, 1990ರಲ್ಲಿ ಸಿಕ್ಕ ಕಥೆಯೂ ಇದೆ. ಆದರೆ ಗಾಜಿನಾಚೆ ರೇಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ. ಮೊಬೈಲಿನಲ್ಲಿ ಚಿತ್ರ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ಸೂರ್ಯ ಮಾಯವಾದರೆ ಗಾಬರಿ ಬೇಡ, ಫೋನ್ ಕೆಟ್ಟಿಲ್ಲ. ನಮಸ್ಕಾರ.