ಐಸಾಕ್ ಹೇಯ್ಸ್: ಅವಸರವಿಲ್ಲದ ಕಂಠ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದಲ್ಲಿ ಹೆಸರು ಮಾಡಿದ ಬಹಳಷ್ಟು ಗಾಯಕರು ತಾರಸ್ಥಾಯಿಗೆ ಏರಿ, ಗಂಟಲು ಬಿಚ್ಚಿ ಹಾಡಿದವರು. ಐಸಾಕ್ ಹೇಯ್ಸ್ ಮಂದ್ರದಲ್ಲೇ ನಿಂತು ಗೆದ್ದರು.

ಹುಟ್ಟಿದ್ದು 1942ರಲ್ಲಿ, ಟೆನೆಸಿ ರಾಜ್ಯದ ಕೊವಿಂಗ್ಟನ್ನಿನಲ್ಲಿ. ಎಳವೆಯಲ್ಲೇ ತಾಯಿ ತೀರಿಕೊಂಡರು. ಸಾಕಿದವರು ಅಜ್ಜ-ಅಜ್ಜಿ, ಕಂಡವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಬಡವರು. ಹುಡುಗ ಹತ್ತಿ ಬಿಡಿಸಿದ, ಚರ್ಚಿನಲ್ಲಿ ಹಾಡಿದ. ಓದು ನಡುವೆ ನಿಂತುಹೋಗಿ, ಹೈಸ್ಕೂಲು ಮುಗಿಸುವಾಗ ವಯಸ್ಸು 21. ಮೆಂಫಿಸ್ ನಗರದಲ್ಲಿ ಹಗಲು ಮಾಂಸದ ಕಾರ್ಖಾನೆಯ ಕೂಲಿ, ರಾತ್ರಿ ಕ್ಲಬ್ಬುಗಳಲ್ಲಿ ವಾದನ.

ಅಲ್ಲಿನ ಸ್ಟ್ಯಾಕ್ಸ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಸಂಸ್ಥೆ ಸೇರಿ ಗಾಯಕ ಓಟಿಸ್ ರೆಡ್ಡಿಂಗ್‌ಗೆ ಕೀಬೋರ್ಡ್ ನುಡಿಸಿದರು. ಡೇವಿಡ್ ಪೋರ್ಟರ್ ಜೊತೆಗೂಡಿ 'ಸೋಲ್ ಮ್ಯಾನ್' ಹಾಡು ಬರೆದರು; ಸ್ಯಾಮ್ ಮತ್ತು ಡೇವ್ ಗಾಯಕ ಜೋಡಿ ಅದನ್ನು ಮನೆಮನೆಗೆ ಮುಟ್ಟಿಸಿತು. 1968ರ ಏಪ್ರಿಲ್ 4ರಂದು ಅದೇ ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು. ಸಿಟ್ಟು, ಸಂಕಟ ಎರಡೂ ಸೇರಿ ಹೇಯ್ಸ್ ಬಹುಕಾಲ ಏನನ್ನೂ ಬರೆಯಲಾಗದೆ ಹೋದರು.

ಆಮೇಲೆ, 1969ರಲ್ಲಿ, ಅವರ 'ಹಾಟ್ ಬಟರ್ಡ್ ಸೋಲ್' ಆಲ್ಬಮ್ ಬಂತು. ರೇಡಿಯೋಗೆ ಮೂರು ನಿಮಿಷದ ಹಾಡು ಸಾಕೆನ್ನುತ್ತಿದ್ದ ಕಾಲ. ಈ ಇಡೀ ಎಲ್‌ಪಿಯಲ್ಲಿ ಇದ್ದದ್ದು ನಾಲ್ಕೇ ಹಾಡು! ಜಿಮ್ಮಿ ವೆಬ್ ಬರೆದ, ಆಗಲೇ ಜನಪ್ರಿಯವಾಗಿದ್ದ 'ಬೈ ದ ಟೈಮ್ ಐ ಗೆಟ್ ಟು ಫೀನಿಕ್ಸ್' ಇಲ್ಲಿ 18 ನಿಮಿಷ ದಾಟುತ್ತದೆ. ಆರ್ಗನ್ನಿನ ಒಂದೇ ಸ್ವರಮೇಳ ಹಿಡಿದಿದ್ದಂತೆಯೇ ಇರುತ್ತದೆ, ಡ್ರಮ್ಮಿನ ತಾಳದಂಥ ತಟ್ಟೆ, ಸಿಂಬಲ್, ಮೆಲ್ಲಗೆ ಟಿಕ್‌ಟಿಕ್ ಅನ್ನುತ್ತದೆ. ಹೇಯ್ಸ್ ಹಾಡುವುದಿಲ್ಲ, ಮಾತಾಡುತ್ತಾರೆ. ಹೆಂಡತಿಯನ್ನು ಬಿಟ್ಟು ಕಾರು ಹತ್ತುವವನಿಗೆ ಹಿಂದೆ ಏನೇನಾಯಿತು ಎಂದು ನಮ್ಮ ಹರಿಕಥೆ ದಾಸರ ಹಾಗೆ ಪೀಠಿಕೆ ಹಾಕಿ ಬಿಡಿಸಿ ಹೇಳುತ್ತಾರೆ. ನಿಮಿಷಗಟ್ಟಲೆ ಕಳೆದ ಮೇಲೆ ಪಲ್ಲವಿಗೆ ಇಳಿದಾಗ, ಆ ಮನುಷ್ಯನ ಸಂಕಟ ನಮಗೆ ಆಗಲೇ ಗೊತ್ತಿರುತ್ತದೆ. ನನ್ನ ಮಟ್ಟಿಗೆ ಅವರ ದೊಡ್ಡ ಕೊಡುಗೆ ಇದೇ.

1971ರ 'ಶಾಫ್ಟ್' ಚಿತ್ರದ ಶೀರ್ಷಿಕೆ ಗೀತೆಯಲ್ಲೂ ಅಷ್ಟೇ. ಹೈಹ್ಯಾಟ್ ಎನ್ನುವ ಜೋಡಿ ಸಿಂಬಲ್, 'ವಾ-ವಾ' ಎಂದು ದನಿ ತಿರುಚುವ ಗಿಟಾರ್, ಪಿಟೀಲುಗಳ ಗುಂಪು ಒಂದೊಂದಾಗಿ ಬರುತ್ತವೆ. ಎರಡು ನಿಮಿಷ ಕಳೆದರೂ ಕಂಠ ಕೇಳಿಸದು. ಆ ಗೀತೆಗೆ 1972ರಲ್ಲಿ ಅತ್ಯುತ್ತಮ ಮೂಲ ಗೀತೆಯ ಆಸ್ಕರ್ ಬಂತು. ಆ ವಿಭಾಗದಲ್ಲಿ ಗೆದ್ದ ಮೊದಲ ಕಪ್ಪು ಕಲಾವಿದ ಅವರು. ಸಮಾರಂಭಕ್ಕೆ ಕರೆದುಕೊಂಡು ಹೋಗಿದ್ದು ಸಾಕಿದ ಅಜ್ಜಿಯನ್ನು.

1976ರಲ್ಲಿ ದಿವಾಳಿಯಾದರು. ಮನೆ ಹೋಯಿತು, ತಾವೇ ಕಟ್ಟಿದ ಹಾಡುಗಳ ಮುಂದಿನ ಗಳಿಕೆಯೂ ಕೈತಪ್ಪಿತು. ಮುಂದೆ ಹಿಪ್-ಹಾಪ್ ಹುಡುಗರು ಅವರ ಹಳೆಯ ಮುದ್ರಿಕೆಗಳಿಂದ ತುಣುಕು ತೆಗೆದು ಹೊಸ ಹಾಡು ಕಟ್ಟಿದರು. 'ಸೌತ್ ಪಾರ್ಕ್' ಕಾರ್ಟೂನಿನ ಬಾಣಸಿಗನ ದನಿಯಾಗಿ ತಮ್ಮ ಮಕ್ಕಳ ವಯಸ್ಸಿನವರಿಗೂ ಪರಿಚಯವಾದರು. 2008ರ ಆಗಸ್ಟ್ 10ರಂದು ಮೆಂಫಿಸ್ ಬಳಿಯ ಮನೆಯಲ್ಲಿ ತೀರಿಕೊಂಡಾಗ 65 ವರ್ಷ.

ಫೀನಿಕ್ಸ್ ಹಾಡು ಕೇಳಬೇಕೆನಿಸಿದರೆ ಮೊಟಕು ಮಾಡಿದ್ದು ಬೇಡ. ಪೂರ್ತಿ ಇರುವುದನ್ನೇ ಹುಡುಕಿ ಕೇಳಿ. ನಮಸ್ಕಾರ.