ಅಂಗಾಲಿನ ಮಚ್ಚೆಯೂ ಫೋನಿನ ಆಪ್ ಕೂಡ

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಒಬ್ಬ ರೈತರು ಬಂದರು. ವಯಸ್ಸು ಅರವತ್ತರ ಆಸುಪಾಸು. ಬಲಗಾಲಿನ ಹಿಮ್ಮಡಿಯಲ್ಲಿ ಒಂದು ಕಪ್ಪು ಕಲೆ. ಆಣಿ ಇರಬೇಕು ಅಂದುಕೊಂಡು ಮೆಡಿಕಲ್ ಸ್ಟೋರಿನಿಂದ ಪಟ್ಟಿ ತಂದು ಅಂಟಿಸಿದ್ದರು. ಹಬ್ಬಕ್ಕೆ ಬಂದ ಮಗಳು ನೋಡಿ ಗಾಬರಿಯಾಗಿ, ಫೋನಿನಲ್ಲಿ ಫೋಟೊ ತೆಗೆದು, ಮಚ್ಚೆ ನೋಡಿ ಕ್ಯಾನ್ಸರ್ ಅಪಾಯ ಎಷ್ಟು ಅಂತ ಹೇಳುವ ಒಂದು ಆಪ್‌ಗೆ ಹಾಕಿದರು. ಹಸಿರು ಬಣ್ಣ ಬಂತು. ಅಪಾಯ ಕಡಿಮೆ ಅಂತ ಬರೆದಿತ್ತು. ಮನೆಯವರೆಲ್ಲ ನಿರಾಳ.

ಎಂಟು ತಿಂಗಳು ಕಳೆಯಿತು. ಕಲೆ ಒಡೆದು ರಕ್ತ ಒಸರಲು ಶುರುವಾದ ಮೇಲೆ ನನ್ನ ಬಳಿ ಬಂದರು. ಕಲೆಯ ತುಣುಕು ತೆಗೆದು ಬಯಾಪ್ಸಿ ಪರೀಕ್ಷೆ ಮಾಡಿಸಿದಾಗ ಮೆಲನೋಮ, ಅಂದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್, ಅಂತ ಬಂತು. ಆ ಹೊತ್ತಿಗೆ ತೊಡೆಸಂದಿನಲ್ಲಿ ಗಂಟು ಕೈಗೆ ಸಿಗುತ್ತಿತ್ತು, ಕಾಯಿಲೆ ಹರಡಿರುವ ಸೂಚನೆ. ಮಗಳು ಆ ಹಳೆಯ ಫೋಟೊ ತೋರಿಸಿ, "ನಾನೇ ತಡ ಮಾಡಿಬಿಟ್ಟೆ ಅಲ್ವಾ ಡಾಕ್ಟ್ರೇ?" ಅಂದರು. ಇಲ್ಲಮ್ಮ, ನೀವು ಅಪ್ಪನ ಕಾಲು ನೋಡಿದಿರಿ, ಅದೇ ದೊಡ್ಡದು ಅಂದೆ. ಆದರೆ ಆ ಹಸಿರು ಬಣ್ಣ ನನ್ನ ತಲೆಯಿಂದ ಹೋಗಲಿಲ್ಲ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಈ ತಂತ್ರಜ್ಞಾನದ ವಿರೋಧಿ ಅಲ್ಲ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು 1,29,000 ಚರ್ಮದ ಫೋಟೊಗಳನ್ನು ಕಂಪ್ಯೂಟರಿಗೆ ತೋರಿಸಿ ಕಲಿಸಿದ್ದರು. ಆಮೇಲೆ 21 ಚರ್ಮದ ಡಾಕ್ಟರುಗಳ ಜೊತೆ ಪರೀಕ್ಷೆಗೆ ಕೂರಿಸಿದರು. ಅದು ಡಾಕ್ಟರುಗಳ ಸಮಕ್ಕೆ ನಿಂತಿತು. ಓದಿದಾಗ ನನಗೆ ನಿಜವಾಗಿಯೂ ಖುಷಿಯಾಗಿತ್ತು. ಚರ್ಮದ ಡಾಕ್ಟರೇ ಇಲ್ಲದ ತಾಲ್ಲೂಕುಗಳು ಎಷ್ಟಿಲ್ಲ!

ಆದರೆ ಕಂಪ್ಯೂಟರ್ ಕಲಿಯುವ ರೀತಿ ಬೇರೆ. ಫೋಟೊದಲ್ಲಿ ಏನೇನಿದೆಯೋ ಎಲ್ಲದರಿಂದಲೂ ಅದು ಕಲಿಯುತ್ತದೆ. ಡಾಕ್ಟರಿಗೆ ಅನುಮಾನ ಬಂದ ಮಚ್ಚೆಯ ಪಕ್ಕ ಅಳತೆಗೆ ಸ್ಕೇಲ್ ಇಟ್ಟು ಫೋಟೊ ತೆಗೆಯುವುದು ವಾಡಿಕೆ. ಹಾಗಾಗಿ ಸ್ಕೇಲ್ ಕಂಡರೆ ಕ್ಯಾನ್ಸರ್ ಅನ್ನುವ ಕಡೆಗೆ ಅದು ವಾಲುತ್ತಿತ್ತು. ಸ್ಟ್ಯಾನ್‌ಫರ್ಡಿನವರೇ ಮುಂದೆ ಇದನ್ನು ಬರೆದುಕೊಂಡರು. 2019ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ತಂಡ ಇನ್ನೊಂದು ನೋಡಿತು. ಆಪರೇಷನ್‌ಗೆ ಮುಂಚೆ ಚರ್ಮದ ಮೇಲೆ ನೇರಳೆ ಶಾಯಿಯಲ್ಲಿ ಗುರುತು ಹಾಕುತ್ತಾರಲ್ಲ, ಆ ಗುರುತು ಇದ್ದರೆ ಏನೂ ಇಲ್ಲದ ಮಚ್ಚೆಯನ್ನೂ ಕಂಪ್ಯೂಟರ್ ಮೆಲನೋಮ ಅನ್ನುತ್ತಿತ್ತು.

ಸ್ಕೇಲ್, ಶಾಯಿ ಸಣ್ಣ ವಿಷಯ, ತಿದ್ದಬಹುದು. ನನ್ನನ್ನು ಕಾಡುವುದು ಮುಂದಿನದು. ಈ ಆಪ್‌ಗಳು ಯಾರ ಚರ್ಮ ನೋಡಿ ಕಲಿತಿವೆ?

ಯಾರು ಬೇಕಾದರೂ ಬಳಸಬಹುದಾದ 21 ಫೋಟೊ ಸಂಗ್ರಹಗಳನ್ನು ಬ್ರಿಟನ್ನಿನ ಸಂಶೋಧಕರು ಜಾಲಾಡಿದರು. 2022ರಲ್ಲಿ 'ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್' ಪತ್ರಿಕೆಯಲ್ಲಿ ಬಂತು. ಒಟ್ಟು ಒಂದು ಲಕ್ಷಕ್ಕೂ ಜಾಸ್ತಿ ಫೋಟೊ. ಚರ್ಮದ ಬಣ್ಣ ಯಾವುದು ಅಂತ ಬರೆದಿಟ್ಟಿದ್ದು 2,436ಕ್ಕೆ ಮಾತ್ರ. ಅದರಲ್ಲಿ ಕಂದು ಚರ್ಮದವು 10. ಕಡುಕಂದು ಅಥವಾ ಕಪ್ಪು ಚರ್ಮದ್ದು ಒಂದೇ ಒಂದು. ಯಾವ ಜನಾಂಗದವರು ಅಂತ ದಾಖಲಾದ ಫೋಟೊಗಳಲ್ಲಿ ದಕ್ಷಿಣ ಏಷ್ಯಾದವರದ್ದು ಒಂದೂ ಇಲ್ಲ. ಒಂದೂ! ಇಂಥ ಸಂಗ್ರಹಗಳಿಂದ ಕಲಿತ ಆಪ್‌ನ ಪಠ್ಯದಲ್ಲಿ ಇಲ್ಲಿ ಕೂತಿರುವ ನಮ್ಮೆಲ್ಲರ ಚರ್ಮ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಓದದ ಪಾಠದ ಪರೀಕ್ಷೆಗೆ ಆ ಆಪ್ ಅನ್ನು ನಾವೇ ಕೂರಿಸುತ್ತಿದ್ದೇವೆ.

"ನಮಗೆಲ್ಲಿ ಬರುತ್ತೆ ಡಾಕ್ಟ್ರೇ, ಅದು ಬಿಳಿಯರ ಕಾಯಿಲೆ" ಅನ್ನುವವರಿದ್ದಾರೆ. ಮೆಲನೋಮ ನಮ್ಮಲ್ಲಿ ಅಪರೂಪ, ನಿಜ. ಆದರೆ ಬಂದಾಗ ಜಾಗ ಬೇರೆ. ಬಿಳಿಯರಿಗೆ ಬೆನ್ನು, ಕಾಲು, ಮುಖದ ಮೇಲೆ, ಬಿಸಿಲಿನ ಕಾರಣಕ್ಕೆ ಜಾಸ್ತಿ. ನಮ್ಮಂಥವರಿಗೆ ಅಂಗಾಲು, ಅಂಗೈ, ಉಗುರಿನ ಅಡಿ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿ ಹೆಸರು ಕೇಳಿರುತ್ತೀರಿ. ಅವರ ಕಾಲ್ಬೆರಳಿನ ಉಗುರಿನ ಅಡಿ ಮೆಲನೋಮ ಇರುವುದು 1977ರಲ್ಲಿ ಗೊತ್ತಾಯಿತು. 1981ರಲ್ಲಿ ತೀರಿಕೊಂಡರು, 36ನೇ ವಯಸ್ಸಿಗೆ. ಮೆಲನೋಮ ಒಂದೇ ಅಲ್ಲ. ಬೆಂಕಿ ಸುಟ್ಟ ಹಳೆಯ ಗಾಯದ ಮೇಲೆ, ಸೀರೆ ಪಂಚೆ ಬಿಗಿಯಾಗಿ ಕಟ್ಟಿ ಕಟ್ಟಿ ಸೊಂಟದಲ್ಲಾದ ಹುಣ್ಣಿನ ಮೇಲೆ ಬರುವ ಕ್ಯಾನ್ಸರ್ ಕೂಡ ಇದೆ. ಮಚ್ಚೆ ನೋಡಲು ಕಲಿತ ಆಪ್‌ಗೆ ಅದು ಮಚ್ಚೆಯೇ ಅಲ್ಲ.

ಅಂಗಾಲನ್ನು ನಾವು ಹೇಗೆ ನೋಡುತ್ತೇವೆ ಗೊತ್ತಾ? ಇದು ಡರ್ಮೋಸ್ಕೋಪ್, ಬೆಳಕಿರುವ ಭೂತಗನ್ನಡಿ. ಸ್ವಲ್ಪ ಜೆಲ್ ಹಚ್ಚಿ ಕಲೆಯ ಮೇಲೆ ಇಟ್ಟರೆ ಅಂಗಾಲು ಉತ್ತ ಹೊಲದ ಹಾಗೆ ಕಾಣುತ್ತದೆ. ಒಂದು ತಗ್ಗು, ಒಂದು ಉಬ್ಬು, ಮತ್ತೆ ತಗ್ಗು. ಉಬ್ಬಿನ ನಡುವೆ ಬೆವರು ಬರುವ ರಂಧ್ರಗಳು, ಪೋಣಿಸಿದ ಬಿಳಿ ಮಣಿಗಳ ಹಾಗೆ. ಕಪ್ಪು ಬಣ್ಣ ತಗ್ಗಿನಲ್ಲಿ ನಿಂತಿದ್ದರೆ ಸಾಮಾನ್ಯವಾಗಿ ಸಾದಾ ಮಚ್ಚೆ. ಉಬ್ಬಿನ ಮೇಲೆ ಹರಡಿದ್ದರೆ ನನ್ನ ಕೈ ನಿಲ್ಲುತ್ತದೆ, ಬಯಾಪ್ಸಿಗೆ ಬರೆಯುತ್ತೇನೆ. ಜಪಾನಿನ ಡಾಕ್ಟರುಗಳು ಕಲಿಸಿಕೊಟ್ಟ ಪಾಠ ಇದು. ಆ ರೈತರ ಹಿಮ್ಮಡಿಯಲ್ಲಿ ಬಣ್ಣ ಉಬ್ಬಿನ ಮೇಲಿತ್ತು. ಫೋನಿನ ಫೋಟೊದಲ್ಲಿ ಕಂಡಿದ್ದು ಬರೀ ಒಂದು ಕಪ್ಪು ಮಸಿ.

ಸರಿ, ಆಪ್ ಬಿಳಿಯರಿಗಾದರೂ ಪೂರ್ತಿ ನಂಬಿಕೆಗೆ ಯೋಗ್ಯವೇ? 2020ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪ್ರಕಟಿಸಿದ ಪರಿಶೀಲನೆಯಲ್ಲಿ ಯುರೋಪಿನ ಸ್ಕಿನ್‌ವಿಷನ್ ಆಪ್‌ನ ಲೆಕ್ಕ ಇದೆ. ಕ್ಯಾನ್ಸರ್ ಅಥವಾ ಅದರ ಹಿಂದಿನ ಹಂತದ ಕಲೆ ಇದ್ದಾಗ ಹಿಡಿದದ್ದು ಶೇ. 80. ಇಲ್ಲದಾಗ ಇಲ್ಲ ಅಂದದ್ದು ಶೇ. 78. ಕೇಳಲು ಚೆನ್ನಾಗಿದೆ. ಸುಮ್ನೆ ಒಂದು ಲೆಕ್ಕ ಮಾಡೋಣ. 1,000 ಮಚ್ಚೆ, ಅದರಲ್ಲಿ 10 ಕೆಟ್ಟವು ಅಂತ ಇಟ್ಟುಕೊಳ್ಳಿ. ಆಪ್ 8 ಹಿಡಿಯುತ್ತದೆ, 2 ಬಿಡುತ್ತದೆ. ಉಳಿದ 990ರಲ್ಲಿ ಸುಮಾರು 218 ಜನರನ್ನು ಸುಳ್ಳೇ ಹೆದರಿಸುತ್ತದೆ. ಹೆದರಿದ 218 ಜನ ಡಾಕ್ಟರ ಹತ್ತಿರ ಹೋಗುತ್ತಾರೆ, ಏನೂ ಇಲ್ಲ ಅಂತ ತಿಳಿದು ನಿದ್ದೆ ಮಾಡುತ್ತಾರೆ. ಹಸಿರು ಕಂಡ ಆ ಇಬ್ಬರು ಮನೆಯಲ್ಲೇ ಇರುತ್ತಾರೆ. ನನಗೆ ಅವರದ್ದೇ ಚಿಂತೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ಆಪ್ ಕೆಂಪು ತೋರಿಸಿದರೆ ಡಾಕ್ಟರಿಗೆ ತೋರಿಸಿ. ಹಸಿರು ತೋರಿಸಿದರೆ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ಕಲೆ ಬೆಳೆಯುತ್ತಿದೆಯಾ, ಬಣ್ಣ ಬದಲಾಗಿದೆಯಾ, ರಕ್ತ ಬರುತ್ತಿದೆಯಾ, ಉಗುರಿನ ಕಪ್ಪು ಗೀಟು ಅಗಲವಾಗುತ್ತಿದೆಯಾ, ವಾಸಿಯಾಗದ ಹುಣ್ಣು ಇದೆಯಾ? ಒಂದಕ್ಕೆ ಹೌದು ಅಂದರೂ ಹೊರಡಿ. ಫೋನನ್ನು ಬೇರೆ ಕೆಲಸಕ್ಕೆ ಬಳಸಿ: ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ, ಅದೇ ದೂರದಿಂದ ಫೋಟೊ ತೆಗೆದಿಟ್ಟುಕೊಂಡು ಬನ್ನಿ. ಹಳೆಯದು ಹೊಸದು ಪಕ್ಕಪಕ್ಕ ನೋಡಿದರೆ ನಮಗೆ ಎಷ್ಟು ಸಹಾಯ ಆಗುತ್ತದೆ ಅಂತ ಹೇಳಲಾರೆ.

ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ, ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ರೋಗಿಗಳ ಒಪ್ಪಿಗೆ ಪಡೆದು, ಹೆಸರು ತೆಗೆದು, ಬಯಾಪ್ಸಿ ವರದಿ ಜೋಡಿಸಿ ನಮ್ಮ ಬಣ್ಣದ ಚರ್ಮದ ಫೋಟೊಗಳನ್ನು ಕೂಡಿಡಬೇಕು. ಆಗ ಈ ಯಂತ್ರಕ್ಕೆ ನಮ್ಮ ಅಂಗಾಲೂ ಪಾಠವಾಗುತ್ತದೆ. ಆ ರೈತರು ತಮ್ಮ ಕಾಲಿನ ಫೋಟೊ ಕಲಿಸಲು ಬಳಸಿಕೊಳ್ಳಿ ಅಂತ ಸಹಿ ಹಾಕಿಕೊಟ್ಟಿದ್ದಾರೆ.

ಪ್ರಶ್ನೆಗಳು ಆಮೇಲೆ ಇರಲಿ. ಡರ್ಮೋಸ್ಕೋಪ್ ಇಲ್ಲೇ ಇದೆ, ಜೆಲ್ ಕೂಡ ಇದೆ. ಆ ಕಡೆ ಬೆಂಚಿನ ಹತ್ತಿರ ಕೂರುತ್ತೇನೆ. ಚಪ್ಪಲಿ ಬಿಟ್ಟು ಒಬ್ಬೊಬ್ಬರಾಗಿ ಬನ್ನಿ.